ಗಾಂಧಿ ಬಜಾರಿನ ಮಕ್ಕಳು

ಒಬ್ಬರು ಭಾರತರತ್ನ ವಿಜ್ಞಾನಿ. ಇನ್ನೊಬ್ಬರು ದೇಶದ ವೈಮಾನಿಕ ವಿಜ್ಞಾನದ ಮೇರು ಹೆಸರು. ಮತ್ತೊಬ್ಬರು ತೆರೆಯ ಮೇಲಿನ ಸೂಪರ್‌ಸ್ಟಾರ್. ಮೂವರೂ ಓದಿದ್ದು ಬಸವನಗುಡಿಯ ಒಂದೇ ಶಾಲೆಯಲ್ಲಿ. ಆ ಶಾಲೆಯ ಹುಡುಗರಿಗೆಂದು ಶುರುವಾದ ಪುಟ್ಟ ಹೋಟೆಲಿನ ಮುಂದೆ ಇವತ್ತು ಇಡೀ ಬೆಂಗಳೂರು ಸಾಲು ನಿಲ್ಲುತ್ತದೆ. ಶ್ರಾವಣದ ಸಂತೆ ಕಳೆಗಟ್ಟಿರುವ ಹೊತ್ತಿನಲ್ಲಿ, ಒಂದು ಬೀದಿ ಮತ್ತು ಅದರ ಶಾಲೆಗಳ ಕಥೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಬೆಳಗಿನ ಐದೂವರೆ. ಗಾಂಧಿ ಬಜಾರಿನಲ್ಲಿ ಆಗಲೇ ಕಾಲಿಡಲು ಜಾಗವಿಲ್ಲ.

ಗೋಣಿತಾಟಿನ ಮೇಲೆ ತಾವರೆ ಮೊಗ್ಗಿನ ಕಟ್ಟುಗಳು. ಪಕ್ಕದಲ್ಲಿ ಒದ್ದೆ ಬಟ್ಟೆ ಹೊದ್ದ ಕೇದಿಗೆ. ಬಾಳೆಕಂದುಗಳನ್ನು ಜೋಡಿ ಜೋಡಿಯಾಗಿ ಗೋಡೆಗೆ ಒರಗಿಸಿದ್ದಾರೆ. ಮಾವಿನ ಸೊಪ್ಪು, ವೀಳ್ಯದೆಲೆ, ಗೆಜ್ಜೆವಸ್ತ್ರ, ಕಳಶಕ್ಕೆ ಇಡುವ ಜುಟ್ಟಿನ ತೆಂಗಿನಕಾಯಿ. ಗ್ರಂಧಿಗೆ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತವರ ಗುಂಪು. ಅರಿಶಿನ, ಕುಂಕುಮ, ಕರ್ಪೂರ, ಹತ್ತಿ ಬತ್ತಿ ಎಂದು ಅಂಗಡಿಯವರು ಚೀಟಿ ನೋಡದೆಯೇ ಪೊಟ್ಟಣ ಕಟ್ಟುತ್ತಿದ್ದಾರೆ. ಈ ಹಬ್ಬಕ್ಕೆ ಏನೇನು ಬೇಕೆಂದು ಅವರ ಕೈಗೆ ಗೊತ್ತು.

ಹೂವಿನವರ ಕೈಯನ್ನೂ ನೋಡಬೇಕು. ಮಲ್ಲಿಗೆ ದಂಡೆಯ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಮೊಣಕೈವರೆಗೆ ಎಳೆಯುತ್ತಾರೆ. ಅದು ಒಂದು ಮೊಳ. ಮತ್ತೆ ಬೆರಳಿಗೆ, ಮತ್ತೆ ಮೊಣಕೈಗೆ. ಎರಡು, ಮೂರು. ಕೊನೆಗೆ ನಾಲ್ಕು ಬೆರಳಗಲ ಹೆಚ್ಚು ಬಿಟ್ಟು ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. "ಇನ್ನೊಂಚೂರು ಹಾಕಮ್ಮ" ಎಂದು ಕೊಳ್ಳುವವರು. "ಹಾಕಿದ್ದೀನಿ ಅಕ್ಕಾ, ಹಬ್ಬದ ದಿನ ನಿಮಗೆ ಕಮ್ಮಿ ಮಾಡ್ತೀನಾ?" ಎಂದು ಮಾರುವವರು. ಆ ನಾಲ್ಕು ಬೆರಳಗಲದ ಹೂವಿಗೆ ಇಲ್ಲಿ ಯಾರೂ ದುಡ್ಡು ಲೆಕ್ಕ ಹಾಕುವುದಿಲ್ಲ.

ಎಂಟು ಗಂಟೆ ಹೊತ್ತಿಗೆ ಈ ಗದ್ದಲದ ನಡುವೆ ಸಮವಸ್ತ್ರದ ಮಕ್ಕಳು ಬರುತ್ತಾರೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ. ಸೇವಂತಿಗೆ ರಾಶಿಯನ್ನು ಬಳಸಿಕೊಂಡು, ಬಾಳೆಕಂದುಗಳ ಸಂದಿಯಲ್ಲಿ ನುಸುಳಿ ಶಾಲೆಯ ದಾರಿ ಹಿಡಿಯುತ್ತಾರೆ. ಅವರಿಗೆ ಯಾರೂ ದಾರಿ ಬಿಡಿ ಎಂದು ಹೇಳಬೇಕಿಲ್ಲ. ಬೀದಿ ತಾನೇ ಸರಿದು ದಾರಿ ಕೊಡುತ್ತದೆ.

ಶಾಲೆಯ ಮಕ್ಕಳೂ ಸಂತೆಯ ಜನರೂ ಹೀಗೆ ಒಂದೇ ಬೀದಿ ಹಂಚಿಕೊಂಡು ಮುಕ್ಕಾಲು ಶತಮಾನ ದಾಟಿದೆ. ಬಸವನಗುಡಿಯವರು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ಸಂಗತಿ ನನ್ನ ಮಟ್ಟಿಗೆ ಇದೇ.

ಪ್ಲೇಗು ಕಟ್ಟಿಸಿದ ಬಡಾವಣೆ

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಇಲಿ ಬಿದ್ದರೆ ಮನುಷ್ಯರು ಬೀಳಲು ತಡವಾಗುತ್ತಿರಲಿಲ್ಲ. ಜನ ಮನೆ ಮಠ ಬಿಟ್ಟು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು.

ಆ ಸಂಕಟದ ವರ್ಷಗಳಲ್ಲಿ ಮೈಸೂರು ಸರ್ಕಾರ ಊರಿನ ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ಬೆಳೆಸಿತು. ಅಗಲವಾದ ನೇರ ರಸ್ತೆಗಳು, ಅಳತೆ ಮಾಡಿ ಹಂಚಿದ ನಿವೇಶನಗಳು, ಮನೆಗಳ ಹಿಂದೆ ಶುಚಿ ಮಾಡುವವರು ಓಡಾಡಲು ಕಿರುಗಲ್ಲಿಗಳು. ಸುಂಕೇನಹಳ್ಳಿಯ ದೊಡ್ಡ ಬಸವಣ್ಣನ ಗುಡಿಯ ಆಸುಪಾಸಿನ ಹೊಲ, ಬಂಡೆ, ತೋಪುಗಳ ಜಾಗದಲ್ಲಿ ಹೊಸ ಬಡಾವಣೆ ಎದ್ದಿತು.

ಬಂದವರಲ್ಲಿ ಗುಮಾಸ್ತರಿದ್ದರು, ಮೇಷ್ಟರುಗಳಿದ್ದರು, ವಕೀಲರಿದ್ದರು. ಮನೆ ಕಟ್ಟಿಕೊಂಡ ಮೇಲೆ ಎರಡು ವಿಷಯ ಬೇಕೇ ಬೇಕು. ಸೊಪ್ಪು ತರಕಾರಿ ಹೂವು ಸಿಗುವ ಜಾಗ. ಮಕ್ಕಳು ಓದುವ ಜಾಗ. ಮೊದಲನೆಯದು ಈಗಿನ ಗಾಂಧಿ ಬಜಾರಾಯಿತು. ಎರಡನೆಯದಕ್ಕೆ ಒಂದಲ್ಲ, ಹಲವು ಶಾಲೆಗಳು ಹುಟ್ಟಿಕೊಂಡವು.

ನಡೆದು ಬಂದ ಹುಡುಗ

1917ರಲ್ಲಿ, ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಕರೆಗೆ ಓಗೊಟ್ಟು, ಪಕ್ಕದ ವಿಶ್ವೇಶ್ವರಪುರದಲ್ಲಿ ನ್ಯಾಷನಲ್ ಹೈಸ್ಕೂಲು ಶುರುವಾಯಿತು. ಮುಂದೆ 1945ರಲ್ಲಿ ಅದೇ ಸಂಸ್ಥೆ ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜನ್ನೂ ತೆರೆಯಿತು.

ಈ ಶಾಲೆಯ ಹೆಸರು ಬಂದರೆ ಎಚ್. ನರಸಿಂಹಯ್ಯನವರನ್ನು ಬಿಟ್ಟು ಮಾತು ಮುಂದೆ ಹೋಗುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಊರಿನಲ್ಲಿ ಮುಂದಕ್ಕೆ ಓದಲು ದಾರಿಯಿರಲಿಲ್ಲ. ಊರಿನಲ್ಲಿ ಮೇಷ್ಟರಾಗಿದ್ದ ಎಂ.ಎಸ್. ನಾರಾಯಣರಾಯರು ಆ ವೇಳೆಗೆ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರನ್ನೇ ನಂಬಿಕೊಂಡು 1935ರಲ್ಲಿ ಹುಡುಗ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಸಿರಲಿಲ್ಲ. ಎಂಬತ್ತು ಕಿಲೋಮೀಟರಿನ ಆಸುಪಾಸಿನ ದಾರಿಯನ್ನು ನಡೆದೇ ಬಂದ.

ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳುವ ಕೆಲಸ ಇದೇ ಹುಡುಗನ ಪಾಲಿಗೆ ಬಂತು. ಆಮೇಲಿನದು ನಾಡಿಗೆಲ್ಲ ಗೊತ್ತು. ಚಲೇಜಾವ್ ಚಳವಳಿಯಲ್ಲಿ ಸೆರೆವಾಸ, ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದ ಪಿಎಚ್‌.ಡಿ., ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲಗಿರಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆ. ಇಷ್ಟೆಲ್ಲ ಆದರೂ ಅವರು ಸ್ವಂತ ಮನೆ ಮಾಡಲಿಲ್ಲ. ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆ, ಖಾದಿ ಪಂಚೆ ಜುಬ್ಬ, ಗಾಂಧಿ ಟೋಪಿ. 2005ರಲ್ಲಿ ತೀರಿಕೊಳ್ಳುವವರೆಗೂ ಈ ಬಡಾವಣೆಯ ಜನಕ್ಕೆ ಅವರು ಬೀದಿಯಲ್ಲಿ ಸಿಗುವ ಎಚ್ಚೆನ್ ಆಗಿಯೇ ಉಳಿದರು.

1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಿಜ್ಞಾನವನ್ನು ತರಗತಿಯಿಂದ ಆಚೆಗೆ ತಂದಿತು. ತರಕಾರಿ ಚೀಲ ಹಿಡಿದು ಬಂದವರೂ ಬೆಂಚಿನಲ್ಲಿ ಕೂತು ನಕ್ಷತ್ರಗಳ ಬಗ್ಗೆ ಕೇಳಬಹುದಿತ್ತು. ಶಾಲೆಯ ಗೋಡೆ ದಾಟಿ ಬೀದಿಗೆ ಬಂದ ವಿದ್ಯೆ ಅದು.

---

ಚೌಕಟ್ಟಿನಲ್ಲಿ: ಬೀದಿಯ ವರ್ಷಗಳು

1898: ಬೆಂಗಳೂರಿನಲ್ಲಿ ಪ್ಲೇಗು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದ ಕಾಲ.

1917: ನ್ಯಾಷನಲ್ ಹೈಸ್ಕೂಲು.

1935: ಪ್ರೊ. ಎನ್. ಅನಂತಾಚಾರ್ ಅವರಿಂದ ಆಚಾರ್ಯ ಪಾಠಶಾಲೆ.

1943: ವಿದ್ಯಾರ್ಥಿ ಭವನ ಬಾಗಿಲು ತೆರೆಯಿತು. ಡಿವಿಜಿಯವರ 'ಮಂಕುತಿಮ್ಮನ ಕಗ್ಗ' ಅಚ್ಚಾದದ್ದೂ ಇದೇ ವರ್ಷ.

1945: ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ನ್ಯಾಷನಲ್ ಕಾಲೇಜು, ಮೂರೂ ಒಂದೇ ವರ್ಷ.

1960: ಕೆ.ಎಸ್. ನಿಸಾರ್ ಅಹಮದರ ಮೊದಲ ಕವನ ಸಂಕಲನ 'ಮನಸು ಗಾಂಧಿ ಬಜಾರು'.

2017: ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣ ಜೂನ್‌ನಲ್ಲಿ ಶುರು.

---

ಮೂವರು ಅಪ್ಪಂದಿರು, ಒಂದು ಶಾಲೆ

1944. ಬಸವನಗುಡಿಯಲ್ಲೇ ಹುಟ್ಟಿದ ಹತ್ತು ವರ್ಷದ ಹುಡುಗ ಲೋಯರ್ ಸೆಕೆಂಡರಿ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ. ತರಗತಿಯ ಉಳಿದವರಿಗಿಂತ ವಯಸ್ಸಿನಲ್ಲಿ ಚಿಕ್ಕವ. ಶಾಲೆಗಳ ಇನ್‌ಸ್ಪೆಕ್ಟರಾಗಿದ್ದ ಅಪ್ಪ ಖುಷಿಯಿಂದ ಮಗನ ಕೈಗೆ ನಾಲ್ಕಾಣೆ ಇಟ್ಟರು.

ಮುಂದೆ ಹುಡುಗ ಆಚಾರ್ಯ ಪಾಠಶಾಲೆ ಹೈಸ್ಕೂಲು ಸೇರಿದ. ಮನೆಯಲ್ಲಿ ಇಂಗ್ಲಿಷ್ ಮಾತಾಡಿಸುತ್ತಿದ್ದ ಅಪ್ಪ, ತಾಯಿನುಡಿ ಗಟ್ಟಿಯಾಗಲೆಂದು ಅವನನ್ನು ಕನ್ನಡ ಮಾಧ್ಯಮಕ್ಕೇ ಹಾಕಿದರು. ರಸಾಯನ ವಿಜ್ಞಾನದ ರುಚಿ ಹತ್ತಿದ್ದು ಆ ಶಾಲೆಯ ದಿನಗಳಲ್ಲಿ. 1947ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಯಿತು. ದೇಶ ಸ್ವತಂತ್ರವಾದ ವರ್ಷ ಕನ್ನಡ ಮಾಧ್ಯಮದಿಂದ ಹೊರಬಿದ್ದ ಆ ವಿದ್ಯಾರ್ಥಿಯೇ ಸಿ.ಎನ್.ಆರ್. ರಾವ್. 2014ರಲ್ಲಿ ಅವರಿಗೆ ಭಾರತರತ್ನ ಸಂದಿತು.

ಅವರಿಗಿಂತ ಒಂದು ವರ್ಷ ದೊಡ್ಡವರು ರೊದ್ದಂ ನರಸಿಂಹ. ಅಪ್ಪ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರು. ವಿಜ್ಞಾನವನ್ನು ತಿಳಿಗನ್ನಡದಲ್ಲಿ ಬರೆದ ಹಿರಿಯರಲ್ಲಿ ಒಬ್ಬರು. ಮಗನೂ ಗಾಂಧಿ ಬಜಾರಿನ ಆಚಾರ್ಯ ಪಾಠಶಾಲೆಗೇ ಹೋದ. ಮುಂದೆ ಎಂಜಿನಿಯರಿಂಗ್ ಓದುವಾಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ಕಣ್ಣಿಗೆ ಬಿತ್ತು. ಅಲ್ಲಿಂದ ಮನಸ್ಸು ವಿಮಾನದ ಕಡೆ ತಿರುಗಿತು. ಗಾಳಿ ಹೇಗೆ ಹರಿಯುತ್ತದೆ, ಯಾವಾಗ ಅದರ ಹದ ಕೆಟ್ಟು ಸುಳಿಯೇಳುತ್ತದೆ ಎಂಬ ಕಗ್ಗಂಟನ್ನು ಬಿಡಿಸುವುದರಲ್ಲೇ ಅವರ ಬಾಳು ಕಳೆಯಿತು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾದರು. 2013ರಲ್ಲಿ ಪದ್ಮವಿಭೂಷಣ ಪಡೆದರು. 2020ರ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದರು.

ಮೂರನೆಯವರ ಅಪ್ಪ ಪೊಲೀಸ್ ಕಾನ್‌ಸ್ಟೆಬಲ್. ಮನೆಯ ಮಾತು ಮರಾಠಿ. ವಾಸ ಹನುಮಂತನಗರ. ಹುಡುಗ ಮೊದಲು ಗವಿಪುರದ ಸರ್ಕಾರಿ ಕನ್ನಡ ಮಾದರಿ ಪ್ರಾಥಮಿಕ ಶಾಲೆಗೆ ಹೋದ. ಆಮೇಲೆ ಆಚಾರ್ಯ ಪಾಠಶಾಲೆಗೆ. ಓದಿಗಿಂತ ನಾಟಕದ ಹುಚ್ಚು ಹೆಚ್ಚು. ಪ್ರಾಥಮಿಕ ಶಾಲೆಯ ದಿನಗಳಲ್ಲೇ ಅಣ್ಣ ಅವನನ್ನು ರಾಮಕೃಷ್ಣ ಮಠಕ್ಕೆ ಸೇರಿಸಿದ್ದರು. ಅಲ್ಲಿ ಏಕಲವ್ಯನ ಗೆಳೆಯನ ಪಾತ್ರ ಮಾಡಿದಾಗ ನೋಡಿ ಮೆಚ್ಚಿದವರು ವರಕವಿ ಬೇಂದ್ರೆ. ಶಾಲೆಯ ನಾಟಕದಲ್ಲಿ ದುರ್ಯೋಧನನಾದ. ಮುಂದೆ ಬಿಟಿಎಸ್ ಬಸ್ಸಿನಲ್ಲಿ ಟಿಕೆಟ್ ಹರಿದ. ಆ ಶಿವಾಜಿ ರಾವ್ ಗಾಯಕ್ವಾಡ್ ರಜನೀಕಾಂತ್ ಆದದ್ದು ಚೆನ್ನೈನಲ್ಲಾದರೂ ನಟನೆಯ ರುಚಿ ಹತ್ತಿದ್ದು ಈ ಬೀದಿಗಳಲ್ಲಿ. 2021ರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸ್ವೀಕರಿಸುವಾಗ ಅವರು ನೆನೆದವರಲ್ಲಿ ಅಣ್ಣನಿದ್ದರು, ತನ್ನೊಳಗಿನ ನಟನನ್ನು ಮೊದಲು ಗುರುತಿಸಿದ ಬಸ್ ಡ್ರೈವರ್ ಗೆಳೆಯನಿದ್ದರು.

ಇವರು ಬೇರೆ ಬೇರೆ ಕಾಲದಲ್ಲಿ ಓದಿದವರು, ನಿಜ. ಆದರೆ ಆ ಅಪ್ಪಂದಿರ ಉದ್ಯೋಗ ನೋಡಿ. ಶಾಲಾ ಇನ್‌ಸ್ಪೆಕ್ಟರು, ಕಾಲೇಜು ಪ್ರಾಧ್ಯಾಪಕ, ಪೊಲೀಸ್ ಪೇದೆ. ಮೂವರೂ ಮಕ್ಕಳನ್ನು ಮನೆಗೆ ಹತ್ತಿರವಿದ್ದ ಒಂದೇ ಶಾಲೆಗೆ ಕಳಿಸಿದರು. ಪೇದೆಯ ಮಗನಿಗೆ ಬೇರೆ ಶಾಲೆ, ಪ್ರಾಧ್ಯಾಪಕನ ಮಗನಿಗೆ ಬೇರೆ ಶಾಲೆ ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ.

ಶಾಲೆಯ ಹೆಮ್ಮೆ ಗೋಡೆಗೆ ತೂಗುಹಾಕಿದ ಮೂರು ಫೋಟೊಗಳಲ್ಲಿದೆ ಎಂದು ನಾನು ಒಪ್ಪುವುದಿಲ್ಲ. ಅದು ಇರುವುದು ಆ ಬೆಂಚಿನಲ್ಲಿ. ಯಾರ ಮಗ ಯಾರ ಪಕ್ಕ ಕೂತ ಎಂಬುದರಲ್ಲಿ.

ಹುಡುಗರ ಹಸಿವಿಗೊಂದು ಹೋಟೆಲು

ಮಕ್ಕಳಿದ್ದಲ್ಲಿ ಹಸಿವು ಇರುತ್ತದೆ. ಹಸಿವು ಇದ್ದಲ್ಲಿಗೆ ಉಡುಪಿ ಕಡೆಯವರು ಬರುತ್ತಾರೆ.

1943ರಲ್ಲಿ ಸಾಲಿಗ್ರಾಮದ ವೆಂಕಟರಮಣ ಉರಾಳರು ಗಾಂಧಿ ಬಜಾರಿನಲ್ಲಿ ಒಂದು ಪುಟ್ಟ ಹೋಟೆಲು ತೆರೆದರು. ಆಚಾರ್ಯ ಪಾಠಶಾಲೆಯಂಥ ಸುತ್ತಲಿನ ಶಾಲೆಗಳ ಹುಡುಗರೇ ಗಿರಾಕಿಗಳು. ಹೆಸರೂ ಅವರದೇ ಆಯಿತು, ವಿದ್ಯಾರ್ಥಿ ಭವನ. ಸಿ.ಎನ್.ಆರ್. ರಾವ್ ಹೈಸ್ಕೂಲಿಗೆ ಕಾಲಿಟ್ಟಾಗ ಈ ಹೋಟೆಲಿಗೆ ಇನ್ನೂ ಹೊಸ ಸುಣ್ಣದ ವಾಸನೆ ಇದ್ದಿರಬೇಕು.

1970ರಲ್ಲಿ ಶಂಕರನಾರಾಯಣದ ರಾಮಕೃಷ್ಣ ಅಡಿಗರು ಹೋಟೆಲನ್ನು ವಹಿಸಿಕೊಂಡರು. ಇಂದಿಗೂ ಅವರ ಮನೆತನವೇ ನಡೆಸುತ್ತಿದೆ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು. ದೇವರ ಪಟದಷ್ಟೇ ಭಕ್ತಿಯಿಂದ ಬರಹಗಾರರ ಚಿತ್ರ ಹಾಕಿಕೊಂಡ ಹೋಟೆಲುಗಳು ಎಲ್ಲೆಲ್ಲೂ ಸಿಗುವುದಿಲ್ಲ.

ದೋಸೆ ಬರುವ ಬಗೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಅಡುಗೆಮನೆಯ ಬಾಗಿಲಿನಿಂದ ಪಂಚೆಯುಟ್ಟ ಸಪ್ಲೈಯರ್ ಹೊರಬರುತ್ತಾರೆ. ಒಂದೇ ತೋಳಿನ ಮೇಲೆ, ಅಂಗೈಯಿಂದ ಭುಜದವರೆಗೆ, ಒಂದರ ಮೇಲೊಂದು ಹೊದಿಸಿದ ಹಾಗೆ ಹತ್ತು ಹನ್ನೆರಡು ತಟ್ಟೆಗಳು. ಇನ್ನೊಂದು ಕೈ ಖಾಲಿ. ಇಕ್ಕಟ್ಟಾದ ಮೇಜುಗಳ ನಡುವೆ ಅವರು ನಿಧಾನಿಸುವುದಿಲ್ಲ. ಖಾಲಿ ಕೈಯಿಂದ ಮೇಲಿನ ತಟ್ಟೆ ಎತ್ತಿ ನಿಮ್ಮ ಮುಂದೆ ಇಟ್ಟು ಮುಂದಿನ ಮೇಜಿಗೆ ಹೋಗುತ್ತಾರೆ. ಹಿಂದೆಯೇ ಇನ್ನೊಬ್ಬರು ಚಟ್ನಿಯ ಪಾತ್ರೆ ಹಿಡಿದು ಬರುತ್ತಾರೆ. ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ತುಪ್ಪದ ಹೊಳಪು. ಸಾಂಬಾರು ಕೇಳಬೇಡಿ. ಈ ದೋಸೆಗೆ ಚಟ್ನಿಯೇ ಜೊತೆ.

ಶುಕ್ರವಾರ ಹೋಟೆಲಿಗೆ ವಾರದ ರಜೆ. ದೂರದಿಂದ ಬಂದು ಮುಚ್ಚಿದ ಬಾಗಿಲು ನೋಡಿದವರನ್ನು ಬಜಾರಿನವರೇ ಸಮಾಧಾನ ಮಾಡಿ ಬೇರೆ ಕಡೆ ಕಳಿಸುತ್ತಾರೆ. ಡಿವಿಜಿ ರಸ್ತೆಯ ಮಹಾಲಕ್ಷ್ಮಿ ಟಿಫಿನ್ ರೂಮಿಗೆ ಹೋಗಿ ಎನ್ನುತ್ತಾರೆ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗಿ ಇಡ್ಲಿ ಚಟ್ನಿ ತಿನ್ನಿ ಎನ್ನುತ್ತಾರೆ. ಒಂದು ಅಂಗಡಿ ಮುಚ್ಚಿದ್ದರೆ ಇನ್ನೊಂದಕ್ಕೆ ದಾರಿ ತೋರಿಸುವುದು ಇಲ್ಲಿಯ ರೂಢಿ.

ಒಂದೇ ಬೀದಿಯಲ್ಲಿ ಹಪ್ಪಳವೂ ಹೊತ್ತಗೆಯೂ

ಸುಬ್ಬಮ್ಮನ ಅಂಗಡಿಗೆ ಹೋಗದೆ ಗಾಂಧಿ ಬಜಾರು ಮುಗಿಯುವುದಿಲ್ಲ. ಮನೆಯಲ್ಲಿ ಹಪ್ಪಳ ಒತ್ತಿ ಮಾರಿ ಬದುಕು ಕಟ್ಟಿಕೊಂಡ ಒಬ್ಬ ಹೆಣ್ಣುಮಗಳ ಹೆಸರು ಇವತ್ತಿಗೂ ಆ ಅಂಗಡಿಯ ಹೆಸರು. ಹಪ್ಪಳ, ಸಂಡಿಗೆ, ಕೋಡುಬಳೆ, ಚಟ್ನಿಪುಡಿ, ಮೆಂತ್ಯದ ಹಿಟ್ಟು. ಅಮೆರಿಕಕ್ಕೆ ಹೊರಟ ಮಕ್ಕಳ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ಜಾಗ ಹಿಡಿಯುವ ಪೊಟ್ಟಣಗಳು ಇಲ್ಲಿಂದ ಹೋಗುತ್ತವೆ.

ಅದೇ ಬಜಾರಿನಲ್ಲಿ ಅಂಕಿತ ಪುಸ್ತಕ. ಒಂದು ಕೈಚೀಲದಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ಹೊಸ ಕಾದಂಬರಿ ಹಿಡಿದು ಮನೆಗೆ ಹೋಗುವವರನ್ನು ನೋಡಬೇಕಾದರೆ ಭಾನುವಾರ ಬೆಳಿಗ್ಗೆ ಇಲ್ಲಿ ನಿಲ್ಲಬೇಕು. ಬಿ.ಪಿ. ವಾಡಿಯಾ ರಸ್ತೆಯ ವಾಡಿಯಾ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ ಮುಗಿದ ಮೇಲೆ ಲೇಖಕರೂ ಓದುಗರೂ ಕಾಫಿ ಹುಡುಕಿಕೊಂಡು ಬರುವುದು ಈ ಬಜಾರಿಗೇ.

ಕನ್ನಡ ಸಾಹಿತ್ಯ ಈ ಬೀದಿಯಲ್ಲಿ ನಡೆದಾಡಿದೆ. ಗವಿಪುರದ ಮನೆಯಿಂದ ಮಾಸ್ತಿಯವರು ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುತ್ತಿದ್ದರು. ಡಿವಿಜಿ ಇದ್ದ ನಾಗಸಂದ್ರ ರಸ್ತೆ ಮುಂದೆ ಅವರ ಹೆಸರನ್ನೇ ಹೊತ್ತಿತು. ನಾಡು ಅವರನ್ನು ಸನ್ಮಾನಿಸಿ ಒಪ್ಪಿಸಿದ ನಿಧಿಯನ್ನು ಅವರು ಮನೆಗೆ ಒಯ್ಯಲಿಲ್ಲ, ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ನವ್ಯದ ಕಾಲದಲ್ಲಿ ಗೋಪಾಲಕೃಷ್ಣ ಅಡಿಗರ ಸುತ್ತ ಸೇರುತ್ತಿದ್ದ ಗೆಳೆಯರ ಸಂಜೆಗಳು ಇಲ್ಲಿಯ ಹೋಟೆಲುಗಳಲ್ಲಿ ಬೆಳೆದವು. ನಿಸಾರರು ತಮ್ಮ ಮೊದಲ ಸಂಕಲನಕ್ಕೆ ಈ ಬಜಾರಿನ ಹೆಸರನ್ನೇ ಇಟ್ಟರು. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಬಸವನಗುಡಿಯಿಂದಲೇ ನಾಡನ್ನು ಮಾತಾಡಿಸಿತು.

ಈ ಬರಹಗಾರರು ನೋಡಿದ ಬೀದಿಯಲ್ಲಿ ಹೂವಿನವರಿದ್ದರು, ಹಮಾಲಿಗಳಿದ್ದರು, ಗಂಟೆ ಹೊಡೆದೊಡನೆ ಶಾಲೆಯಿಂದ ಹೊರಬಿದ್ದ ಹುಡುಗರಿದ್ದರು. ಕನ್ನಡದ ಎಷ್ಟೋ ಕಥೆ ಕವಿತೆಗಳಲ್ಲಿ ನಗರವೆಂದರೆ ಇಂಥ ಬೀದಿಯೇ ಆಗಿದ್ದರೆ ಅದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

---

ಚೌಕಟ್ಟಿನಲ್ಲಿ: ಕಾರ್ತಿಕದ ಕೊನೆಯ ಸೋಮವಾರ

ಶ್ರಾವಣ ಹೂವಿನ ತಿಂಗಳಾದರೆ ಕಾರ್ತಿಕ ಕಡಲೆಕಾಯಿಯದು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನಿಗೆ ಕಡಲೆಕಾಯಿ ಪರಿಷೆ. ಸುತ್ತಲಿನ ರೈತರ ಹೊಲಕ್ಕೆ ರಾತ್ರಿ ಬಸವ ನುಗ್ಗಿ ಕಡಲೆಕಾಯಿ ಮೇಯುತ್ತಿತ್ತು, ಅದನ್ನು ಒಲಿಸಿಕೊಳ್ಳಲು ಮೊದಲ ಫಸಲು ತಂದು ಒಪ್ಪಿಸುವ ರೂಢಿ ಬಂತು ಎನ್ನುತ್ತದೆ ಐತಿಹ್ಯ. ಹೊಲಗಳು ಹೋದರೂ ಪರಿಷೆ ಉಳಿದಿದೆ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಹಸಿ, ಹುರಿದ, ಬೇಯಿಸಿದ ಕಡಲೆಕಾಯಿಯ ಗುಡ್ಡೆಗಳು. ಅಳತೆ ಸೇರು, ಪಾವು. ಸಂಜೆ ಶಾಲೆ ಬಿಟ್ಟ ಮಕ್ಕಳ ಜೇಬೂ ಬ್ಯಾಗೂ ಭರ್ತಿ.

---

ಗೇಟಿನ ಮುಂದಿನ ಅರ್ಥಶಾಸ್ತ್ರ

ಶಾಲೆ ಮತ್ತು ಬೀದಿಯ ನಡುವಿನ ನಂಟು ದೊಡ್ಡ ಹೆಸರುಗಳಲ್ಲಿ ಮಾತ್ರ ಇಲ್ಲ. ಜೂನ್ ತಿಂಗಳ ಮೊದಲ ವಾರದಲ್ಲಿ ಸ್ಟೇಷನರಿ ಅಂಗಡಿಗಳ ಮುಂದೆ ನಿಂತರೆ ಗೊತ್ತಾಗುತ್ತದೆ. ನೋಟ್‌ಬುಕ್ಕಿನ ಡಜನ್ ಕಟ್ಟುಗಳು, ಬೈಂಡ್ ಹಾಕುವ ಕಂದು ಕಾಗದದ ಸುರುಳಿ, ಹೆಸರು ಬರೆಯುವ ಲೇಬಲ್ಲು, ಜಾಮಿಟ್ರಿ ಬಾಕ್ಸು. ಯಾವ ಶಾಲೆಯ ಯಾವ ತರಗತಿಗೆ ಎಷ್ಟು ಗೆರೆ ಪುಸ್ತಕ, ಎಷ್ಟು ಚೌಕಳಿ ಪುಸ್ತಕ ಎಂಬುದು ಅಂಗಡಿಯವರಿಗೆ ಬಾಯಿಪಾಠ. ಸಂಬಳ ತಡವಾದ ಮನೆಗೆ "ಆಮೇಲೆ ಕೊಡಿ ಸಾರ್, ಮೊದಲು ಮಗು ಸ್ಕೂಲಿಗೆ ಹೋಗಲಿ" ಎನ್ನುವ ಮಾತು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಹುಟ್ಟುವುದಿಲ್ಲ. ಮುಖ ಗೊತ್ತಿರುವ ಬೀದಿಯಲ್ಲಿ ಮಾತ್ರ ಹುಟ್ಟುತ್ತದೆ.

ಶಾಲೆಯ ಗೇಟಿನ ಮುಂದೆ ಬುಟ್ಟಿ ಇಟ್ಟುಕೊಂಡ ಅಜ್ಜಿ ಮಾರುವುದು ಏನು? ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು, ಬೆಟ್ಟದ ನೆಲ್ಲಿಕಾಯಿ, ಸೀಳಿದ ಸೌತೆಕಾಯಿ. ಅಷ್ಟೇ ಅಲ್ಲ. ಮಳೆ ಬಂದು ಅಪ್ಪ ತಡವಾಗಿ ಬಂದ ಸಂಜೆ ಮಗು ನಿಲ್ಲುವುದು ಆ ಅಜ್ಜಿಯ ಪಕ್ಕ. ಆ ಕಾವಲಿಗೆ ಯಾವ ಶುಲ್ಕವೂ ಇಲ್ಲ, ರಸೀದಿಯೂ ಇಲ್ಲ.

ಬೀದಿಯಲ್ಲಿ ವ್ಯಾಪಾರ ಮಾಡುವವರನ್ನು ಅಡಚಣೆ ಎಂದು ನೋಡುವವರು ಈ ಲೆಕ್ಕವನ್ನೂ ಸೇರಿಸಿಕೊಂಡು ನೋಡಬೇಕು.

ಕಲ್ಲು ಹಾಸಿದ ಮೇಲೆ

ಕೆಲವು ವರ್ಷಗಳ ಹಿಂದೆ ಗಾಂಧಿ ಬಜಾರು ಮುಖ್ಯರಸ್ತೆಯನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಮರುರೂಪಿಸುವ ಕಾಮಗಾರಿ ನಡೆಯಿತು. ರಸ್ತೆ ಅಗೆದರು, ಕಲ್ಲು ಹಾಸಿದರು, ಕಾಲುದಾರಿ ಅಗಲ ಮಾಡಿದರು. ಕೆಲಸ ಎಳೆದಾಡಿದ ತಿಂಗಳುಗಳಲ್ಲಿ ಧೂಳು, ಗುಂಡಿ, ಸುತ್ತು ದಾರಿ. ಹಬ್ಬದ ದುಡಿಮೆಯನ್ನೇ ನಂಬಿದ ಹೂವು ಹಣ್ಣಿನವರಿಗೆ ಅದು ದೊಡ್ಡ ಪೆಟ್ಟಾಯಿತು. ಅಂಗಡಿಯವರು ಪ್ರತಿಭಟಿಸಿದರು. ಕಾರು ನಿಲ್ಲಿಸಲು ಜಾಗ ಹೋಯಿತು ಎಂಬ ಕೂಗೂ ಎದ್ದಿತು.

ನನ್ನ ಅಭಿಪ್ರಾಯ ಇಷ್ಟು. ನಡೆಯುವವರಿಗೆ ರಸ್ತೆ ಕೊಟ್ಟದ್ದು ಸರಿ. ಈ ಬಜಾರು ಹುಟ್ಟಿದ್ದೇ ನಡೆದು ಬರುವವರಿಂದ. ಮಾಸ್ತಿ ನಡೆದರು, ಎಚ್ಚೆನ್ ನಡೆದರು, ಬ್ಯಾಗು ಹೊತ್ತ ಮಕ್ಕಳು ಇವತ್ತಿಗೂ ನಡೆಯುತ್ತಾರೆ. ಆದರೆ ಅಗಲವಾದ ಆ ಕಾಲುದಾರಿಯಲ್ಲಿ ಹೂವಿನವರಿಗೆ ಗೋಣಿತಾಟು ಹಾಸಲು ಖಾತ್ರಿಯಾದ ಜಾಗ ಇರಬೇಕು. ಕೃಪೆಯಿಂದ ಕೊಡುವ ಜಾಗವಲ್ಲ, ಕಾನೂನು ಕೊಟ್ಟ ಹಕ್ಕಿನ ಜಾಗ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮಾಡದೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಜಾಗ ಗುರುತಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎನ್ನುತ್ತದೆ. ಗಾಂಧಿ ಬಜಾರಿನ ಹೂವಿನಮ್ಮಂದಿರಿಗಿಂತ ಆ ಕುರ್ಚಿಗೆ ಅರ್ಹರು ಯಾರಿದ್ದಾರೆ?

ಚೆಂದದ ಕಲ್ಲು ಹಾಸಿ ಮಾರುವವರನ್ನು ಎಬ್ಬಿಸಿದರೆ ಉಳಿಯುವುದು ರಸ್ತೆ ಮಾತ್ರ. ಬಜಾರು ಉಳಿಯುವುದಿಲ್ಲ.

ಹಳದಿ ಬಸ್ಸು ಹತ್ತುವ ಮುನ್ನ

ಬೀದಿಗಿಂತ ನನಗೆ ಹೆಚ್ಚು ಕಳವಳ ಶಾಲೆಗಳದು. ಈಗ ಬಸವನಗುಡಿಯ ಎಷ್ಟೋ ಮನೆಗಳ ಮುಂದೆ ಬೆಳಿಗ್ಗೆ ಏಳಕ್ಕೇ ಹಳದಿ ಬಸ್ಸು ಬಂದು ನಿಲ್ಲುತ್ತದೆ. ಪುಟ್ಟ ಮಕ್ಕಳು ನಿದ್ದೆಗಣ್ಣಲ್ಲಿ ಹತ್ತಿ ಊರಿನ ಇನ್ನೊಂದು ತುದಿಯ ಶಾಲೆಗೆ ಹೋಗುತ್ತಾರೆ. ಹೋಗಿ ಬರುವುದರಲ್ಲೇ ಆಟದ ಹೊತ್ತು ಮುಗಿಯುತ್ತದೆ. ಮನೆಯ ಕಾಂಪೌಂಡಿಗೆ ತಾಗಿದಂತಿರುವ ಹಳೆಯ ಶಾಲೆಯ ಕಡೆ ಅಪ್ಪ ಅಮ್ಮ ತಿರುಗಿಯೂ ನೋಡಿರುವುದಿಲ್ಲ.

ಹೆತ್ತವರ ಆತಂಕ ನನಗೆ ಅರ್ಥವಾಗುತ್ತದೆ. ಇಂಗ್ಲಿಷು ಬೇಕು, ಒಳ್ಳೆಯ ಪ್ರಯೋಗಾಲಯ ಬೇಕು. ಆದರೆ ದೂರದ ಶಾಲೆಗೆ ಹೋದ ಮಗುವಿಗೆ ತನ್ನ ಬೀದಿಯ ಹೂವಿನಮ್ಮ ಗೊತ್ತಿರುವುದಿಲ್ಲ, ಹೂವಿನಮ್ಮನ ಮಗ ಗೊತ್ತಿರುವುದಿಲ್ಲ. ಒಂದೇ ತರಹದ ಮನೆಯ, ಒಂದೇ ತರಹದ ಸಂಬಳದ ಅಪ್ಪಂದಿರ ಮಕ್ಕಳ ನಡುವೆ ಮಾತ್ರ ಅದು ಬೆಳೆಯುತ್ತದೆ. ಇನ್‌ಸ್ಪೆಕ್ಟರು, ಪ್ರಾಧ್ಯಾಪಕ, ಪೇದೆಯ ಮಕ್ಕಳನ್ನು ಒಂದೇ ಗಂಟೆಗೆ ಒಳಗೆ ಕರೆದ ಶಾಲೆ ಕಲಿಸಿದ ಪಾಠ ಯಾವ ಸಿಲೆಬಸ್ಸಿನಲ್ಲೂ ಸಿಗುವುದಿಲ್ಲ.

ಗವಿಪುರದ ಸರ್ಕಾರಿ ಶಾಲೆಯ ಹೆಸರು ರಜನೀಕಾಂತರ ಕಾರಣದಿಂದ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿದೆ. ಅದು ಸಾಲದು. ಅಂಥ ಶಾಲೆಗಳಿಗೆ ಬೇಕಿರುವುದು ಹೊಸ ಮಕ್ಕಳು. ಇಲ್ಲಿ ಓದಿದವರ ಸಮಯ, ಇಲ್ಲಿ ವ್ಯಾಪಾರ ಮಾಡಿ ಬೆಳೆದವರ ಕೈಗೊಡುಗೆ. ಒಬ್ಬ ಹಳೆಯ ವಿದ್ಯಾರ್ಥಿ ಎಂಜಿನಿಯರು ತಿಂಗಳಿಗೊಂದು ಶನಿವಾರ ಗಣಿತ ಹೇಳಿಕೊಟ್ಟರೆ ಸಾಕು. ಒಬ್ಬ ಪುಸ್ತಕ ವ್ಯಾಪಾರಿ ಗ್ರಂಥಾಲಯಕ್ಕೆ ವರ್ಷಕ್ಕೊಂದು ಕಪಾಟು ತುಂಬಿಸಿಕೊಟ್ಟರೆ ಸಾಕು. ಹೋಟೆಲಿನವರು, ಗ್ರಂಧಿಗೆಯವರು, ಬಟ್ಟೆ ಅಂಗಡಿಯವರು ಸೇರಿ ಒಂದೊಂದು ಶಾಲೆಯ ಬಿಸಿಲು ಮಳೆ ನೋಡಿಕೊಂಡರೆ ಸಾಕು. ಬೀದಿಗೆ ಗಿರಾಕಿಗಳನ್ನು ಕೊಟ್ಟ ಶಾಲೆಗೆ ಬೀದಿ ಮರಳಿ ಕೊಡಬೇಕಾದ ಋಣ ಅದು.

ಓದುಗರಲ್ಲಿ ನನ್ನ ಕೋರಿಕೆ ಚಿಕ್ಕದು. ಈ ಶ್ರಾವಣದಲ್ಲಿ ಗಾಂಧಿ ಬಜಾರಿಗೆ ಬನ್ನಿ. ಕಾರು ಬೇಡ, ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ. ಬಟ್ಟೆಯ ಚೀಲ ತನ್ನಿ. ಹೂವನ್ನು ಹೂವಿನವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಸ್ವಲ್ಪ ಕಡಿಮೆ ಮಾಡಿ. ನೀವು ಆಚಾರ್ಯ ಪಾಠಶಾಲೆ, ನ್ಯಾಷನಲ್ ಹೈಸ್ಕೂಲು, ಗವಿಪುರದ ಶಾಲೆಯಲ್ಲಿ ಓದಿದವರಾದರೆ ಅದೇ ದಿನ ಶಾಲೆಯ ಗೇಟು ತಳ್ಳಿಕೊಂಡು ಒಳಗೆ ಹೋಗಿ, ಮುಖ್ಯೋಪಾಧ್ಯಾಯರನ್ನು ಕಂಡು ಶಾಲೆಗೆ ಏನು ಬೇಕೆಂದು ಕೇಳಿ. ಮನೆಯಲ್ಲಿ ಶಾಲೆ ಸೇರುವ ವಯಸ್ಸಿನ ಮಗುವಿದ್ದರೆ ಕೈ ಹಿಡಿದು ಜೊತೆಗೆ ಕರೆದುಕೊಂಡು ಹೋಗಿ.